ಆ ಕಡೆಯ ಫೋನ್

ಮಾರ್ಚ್ 3, ಸೋಮವಾರ

ಫೋಮ್ ಕಂಪನಿಯವರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಎರಡು ತಿಂಗಳಿಂದ ಅಂಟಿನ ಡಬ್ಬದ ಅಡಿಯಲ್ಲಿ ಬಿದ್ದಿತ್ತು. ಇವತ್ತು ಧೂಳು ಒರೆಸಿ ತೆಗೆದೆ. ಬರೆಯುವ ಚಟ ನನಗಿಲ್ಲ. ಸೋಫಾ ರಿಪೇರಿ ಮಾಡುವವನು ಅಳತೆ ಬಿಟ್ಟು ಇನ್ನೇನು ಬರೆದಾನು? ಆದರೆ ವಾರವಿಡೀ ನಡೆದದ್ದನ್ನೆಲ್ಲ ಭಾನುವಾರ ಸಂಜೆ ಅಕ್ಕನಿಗೆ ಫೋನಿನಲ್ಲಿ ಒಪ್ಪಿಸಿ ಹಗುರಾಗುವುದು ನನ್ನ ಇಪ್ಪತ್ತು ವರ್ಷಗಳ ರೂಢಿ. ಯಾವ ಗಿರಾಕಿ ಸತಾಯಿಸಿದ, ಯಾರ ಸೋಫಾದೊಳಗೆ ಏನು ಸಿಕ್ಕಿತು, ಹೆಂಡತಿ ಏನಂದಳು, ಅದಕ್ಕೆ ನಾನೇನಂದೆ, ಎಲ್ಲವೂ. ಈಗ ಹೇಳಿಕೊಳ್ಳಲು ಜಾಗವಿಲ್ಲದೆ ಮಾತು ಒಳಗೇ ಗಂಟು ಕಟ್ಟಿಕೊಂಡಿದೆ.

ಕಳೆದ ತಿಂಗಳು ಹದಿನಾಲ್ಕರ ಬೆಳಿಗ್ಗೆ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತಿವೆ. ಮಾತು ಹೋಗಿದೆ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ, ತಾನು ಹೇಳಲು ಪದ ಸಿಗುವುದಿಲ್ಲ ಎಂದರು ಡಾಕ್ಟರು. ಒಂದೇ ಒಂದು ಪದ ಉಳಿದಿದೆ: ‘ಆಯ್ತು’. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ಪ್ರತಿ ರಸೀದಿಗೂ ಮುದ್ರೆ ಒತ್ತಿ ‘ಆಯ್ತು’ ಎಂದವಳು. ಊರನ್ನೆಲ್ಲ ಮಾತಾಡಿಸಿದ ಬಾಯಲ್ಲಿ ಅದೊಂದೇ ಕಚ್ಚಿಕೊಂಡು ನಿಂತಿದೆ. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು.

ರೈಲಿನಲ್ಲಿ ಒಂದೂವರೆ ದಿನದ ದಾರಿ. ಹೋಗಿ ಐದು ದಿನ ಇದ್ದು ಬಂದೆ. ಏಪ್ರಿಲ್ ಕೊನೆಯೊಳಗೆ ನಾಟಕಮಂದಿರದ ನೂರ ಎಂಬತ್ತು ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ, ಬಾರದೆ ವಿಧಿಯಿರಲಿಲ್ಲ. ಆ ಐದು ದಿನವೂ ಆಸ್ಪತ್ರೆಯ ಒಂದೇ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅಕ್ಕನ ಗಂಡ. ಆ ಮನುಷ್ಯನ ಜೊತೆ ನಾನು ಮಾತು ಬಿಟ್ಟು ಹದಿನಾಲ್ಕು ವರ್ಷ. ಹೇಳಲೇಬೇಕಾದದ್ದನ್ನು ನರ್ಸಿನ ಮೂಲಕ ಹೇಳಿಕೊಂಡೆವು.

ಮಾರ್ಚ್ 9, ಭಾನುವಾರ

ಅಕ್ಕ ಮನೆಗೆ ಬಂದು ನಾಲ್ಕು ದಿನವಾಯಿತಂತೆ. ಅವಳ ಫೋನು ಅವತ್ತು ಅವಳ ಜೊತೆಗೇ ನೆಲಕ್ಕೆ ಬಿದ್ದು ಒಡೆದುಹೋಗಿದೆ. ಉಳಿದದ್ದು ಆ ಮನುಷ್ಯನ ನಂಬರು. ನನ್ನ ಬಳಿ ಅದೂ ಇರಲಿಲ್ಲ, ಹೆಂಡತಿಯಿಂದ ತೆಗೆದುಕೊಂಡು ಮಾಡಿದೆ. ಎತ್ತಿದ. ನಾನು ಯಾರೆಂದು ಹೇಳಿದೆ. "ಕೊಡ್ತೀನಿ, ತಡೀರಿ" ಎಂದ. ಒಂದು ಕಾಲದಲ್ಲಿ ‘ನೀನು’ ಎನ್ನುತ್ತಿದ್ದವನು ಈಗ ನನ್ನನ್ನು ಬಹುವಚನದಲ್ಲಿ ದೂರ ಇಟ್ಟಿದ್ದಾನೆ. ಇರಲಿ. ದೂರವೇ ಒಳ್ಳೆಯದು.

"ಅಕ್ಕಾ, ನಾನು, ಕಡ್ಡಿ" ಎಂದೆ. ಚಿಕ್ಕಂದಿನಲ್ಲಿ ನಾನು ಬೆಂಕಿಕಡ್ಡಿಯಂತೆ ಇದ್ದೆನಂತೆ. ಈಗ ಬೆಲ್ಟಿನ ಕೊನೆಯ ತೂತಿಗೆ ಬಂದಿದ್ದರೂ ಅವಳಿಗೆ ನಾನು ಕಡ್ಡಿಯೇ. ಅವಳು ಆಯ್ತು ಎಂದಳು. ನೋವಿದೆಯಾ ಎಂದೆ. ಆಯ್ತು. ಊಟ ಮಾಡಿದೆಯಾ. ಆಯ್ತು. ಆಮೇಲೆ ಬರೀ ಉಸಿರು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದೆ ನಾಟಕಮಂದಿರದ ಕುರ್ಚಿಗಳ ಬಗ್ಗೆ ಸುಮ್ಮನೆ ಏನೇನೋ ಒದರಿದೆ. ಅವಳಿಗೆ ಸುಸ್ತಾಗಿದೆ ಎಂದು ಆ ಮನುಷ್ಯ ಫೋನು ಇಟ್ಟ.

ಮಾತಾಡಲಾರದವರ ಜೊತೆ ಬರೀ ಧ್ವನಿಯ ಫೋನು ಯಾತಕ್ಕೆ, ಮುಖ ನೋಡುವಂತೆ ಮಾಡಿ ಎಂದು ಹೆಂಡತಿ ಹೇಳಿದಳು. ನಿಜ. ನನಗೇಕೆ ಹೊಳೆಯಲಿಲ್ಲವೋ.

ಮಾರ್ಚ್ 12, ಬುಧವಾರ

ವಿಡಿಯೋ ಕರೆ ಮಾಡಿದೆ. ತೆರೆಯ ತುಂಬ ಮಂಜು. ಬಚ್ಚಲುಮನೆಯ ಗಾಜಿನಾಚೆ ಯಾರೋ ನಿಂತ ಹಾಗೆ. ಬಿಳಿಯದೊಂದು ಗುಂಡು, ಅದು ಅಕ್ಕನ ಮುಖವಿರಬೇಕು. ಬಾಯಿ ಎಲ್ಲಿ, ಕಣ್ಣು ಎಲ್ಲಿ ಗೊತ್ತಾಗಲಿಲ್ಲ.

ನನ್ನ ಫೋನಿಗೆ ಏಳು ವರ್ಷ. ಮೂಲೆ ಸೀಳಿದೆ, ಟೇಪು ಹಚ್ಚಿದ್ದೇನೆ, ಮಧ್ಯಾಹ್ನಕ್ಕೆ ಬ್ಯಾಟರಿ ಮಲಗುತ್ತದೆ. ಕೆಳಮಹಡಿಯ ಮೊಬೈಲ್ ರಿಪೇರಿಯವಳ ಹತ್ತಿರ ಹೋಗಿ ಹೊಸದಕ್ಕೆ ಎಷ್ಟಾಗುತ್ತದೆಂದು ಕೇಳಿದೆ. ಸದಾ ಹಣೆಯ ಮೇಲೆ ಭೂತಗನ್ನಡಿ ಕಟ್ಟಿಕೊಂಡಿರುವುದರಿಂದ ಕಟ್ಟಡದವರೆಲ್ಲ ಅವಳನ್ನು ಭೂತಗನ್ನಡಿ ಎಂದೇ ಕರೆಯುವುದು. ಅವಳು ಹೇಳಿದ್ದು ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು.

ಗಾಳಿಯ ಒತ್ತಡದಲ್ಲಿ ಪಿನ್ನು ಹೊಡೆಯುವ ಗನ್ನು ಕೊಳ್ಳಲೆಂದು ಕೂಡಿಟ್ಟದ್ದೂ ಸರಿಯಾಗಿ ಅಷ್ಟೇ ಇದೆ. ಅದು ಬಂದರೆ ಸುತ್ತಿಗೆ ಮೊಳೆಗಳ ಸಹವಾಸ ತಪ್ಪುತ್ತದೆ, ಮಣಿಕಟ್ಟು ಉಳಿಯುತ್ತದೆ. ಮುಖ ನೋಡಬೇಕೋ, ಕೈ ಉಳಿಸಿಕೊಳ್ಳಬೇಕೋ. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಮಾರ್ಚ್ 14, ಶುಕ್ರವಾರ

ಮೂವತ್ತೊಂದು ಕುರ್ಚಿ ಮುಗಿದವು. ಹಳೆಯ ಬಟ್ಟೆ ಕಿತ್ತಾಗ ಸಿಕ್ಕಿದ್ದು: ಒಂಬತ್ತು ಹೇರ್‌ಪಿನ್ನು, ಒಂದು ಕಿವಿಯೋಲೆ, ಚೂಯಿಂಗ್ ಗಮ್ಮು ಲೆಕ್ಕವಿಲ್ಲ, ಯಾರದೋ ಕಟ್ಟಿಸಿದ ಹಲ್ಲು ಒಂದು. ಹಲ್ಲು ಬೀಳುವಷ್ಟು ನಕ್ಕವರು ಯಾರೋ. ಅಕ್ಕನಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಣಿಕಟ್ಟು ಊದಿದೆ.

ಮಾರ್ಚ್ 16, ಭಾನುವಾರ

ಇವತ್ತೂ ಅದೇ ಮಂಜು. ಹಲ್ಲಿನ ಕಥೆ ಹೇಳಿದೆ. ಆಯ್ತು ಎಂದಳು. ನಕ್ಕಳೋ ಇಲ್ಲವೋ ದೇವರಿಗೇ ಗೊತ್ತು. ಆ ಮನುಷ್ಯ ಪಕ್ಕದಿಂದ, "ನಗ್ತಿದಾಳೆ" ಎಂದ. ನನ್ನ ಅಕ್ಕ ನಗುತ್ತಿದ್ದಾಳೆಂದು ಅವನ ಬಾಯಿಂದ ಕೇಳಿ ತಿಳಿದುಕೊಳ್ಳುವ ಗತಿ ಬಂತು.

ಒಮ್ಮೆ ಬರೆದಿಡುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಅಮ್ಮ ಅಕ್ಕನ ಮನೆಯಲ್ಲಿದ್ದಳು. ಶುಕ್ರವಾರ ಮಧ್ಯಾಹ್ನ ಎದೆ ನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಅಕ್ಕ ಅಮ್ಮನ ಮಗ್ಗುಲಲ್ಲಿ. ನನಗೆ ತಿಳಿಸುವ ಕೆಲಸ ಅವಳ ಗಂಡನದು. ನನಗೆ ಸುದ್ದಿ ಬಂದದ್ದು ಶನಿವಾರ ಸಂಜೆ, ಅದೂ ಕೆಳಗಿನ ಚಹಾದಂಗಡಿಯ ಫೋನಿಗೆ. ರೈಲು ಹಿಡಿದು ಸೋಮವಾರ ಬೆಳಿಗ್ಗೆ ಇಳಿದಾಗ ಅಮ್ಮ ಹೋಗಿ ಒಂಬತ್ತು ಗಂಟೆಯಾಗಿತ್ತು. ಶುಕ್ರವಾರವೇ ತಿಳಿದಿದ್ದರೆ ಭಾನುವಾರ ಇಡೀ ದಿನ ಅವಳ ಕೈ ಹಿಡಿದು ಕೂರುತ್ತಿದ್ದೆ. ಭೂಮಿ ಅಳೆಯುವ ಸರ್ವೆಯರ್ ಕೆಲಸ ಆ ಮನುಷ್ಯನದು. ಅಂಗುಲದ ಲೆಕ್ಕ ತಪ್ಪದವನು ಒಂದು ದಿನ ತಪ್ಪಿದ. ನಾನು ಅಲ್ಲೇ, ಎಲ್ಲರೆದುರು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ, ಬಾಯಿ ಬಿಡಲಿಲ್ಲ.

ಅಷ್ಟೇ. ಬರೆದಾಯಿತು.

ಮಾರ್ಚ್ 20, ಗುರುವಾರ

ಗನ್ನು ಮುಂದಿನ ವರ್ಷ ನೋಡಿಕೊಳ್ಳೋಣವೆಂದು ದುಡ್ಡು ಕಟ್ಟಿಕೊಂಡು ಭೂತಗನ್ನಡಿಯ ಬಳಿ ಇಳಿದೆ. ಹೊಸ ಫೋನು ಯಾಕೆ ಬೇಕೆಂದು ವಿಚಾರಿಸಿದಳು. ಹೇಳಿದೆ. ಕೊಳ್ಳುವ ಮೊದಲು ಒಂದು ಪರೀಕ್ಷೆ ಎಂದು ನನ್ನ ಫೋನನ್ನು ನನ್ನ ಕೈಯಲ್ಲೇ ಬಿಟ್ಟು, ತಾನು ಮೆಟ್ಟಿಲ ಹತ್ತಿರ ಹೋಗಿ ಅಲ್ಲಿಂದ ವಿಡಿಯೋ ಕರೆ ಮಾಡಿದಳು. ಸೀಳಿದ ಗಾಜಿನೊಳಗೆ ಅವಳ ಮುಖ ಎಷ್ಟು ಚೆನ್ನಾಗಿ ಕಂಡಿತೆಂದರೆ ಮೂಗಿನ ಮೇಲೆ ಸಣ್ಣ ಮಚ್ಚೆ ಇರುವುದು ನನಗೆ ತಿಳಿದದ್ದೇ ಇವತ್ತು.

ವಾಪಸು ಬಂದು ಹೇಳಿದಳು: "ನಿಮ್ಮ ಫೋನಲ್ಲಿ ಐಬಿಲ್ಲ ಅಂಕಲ್. ಬ್ಯಾಟರಿ ಬದಲಾಯಿಸಿದ್ರೆ ಇನ್ನೆರಡು ವರ್ಷ ಓಡುತ್ತೆ. ಮಂಜು ಇರೋದು ಆ ಕಡೆ. ಅವರ ಕ್ಯಾಮೆರಾ ಹೋಗಿದೆ. ನೀವು ಎಷ್ಟು ದುಬಾರಿದು ತಗೊಂಡ್ರೂ ಇದೇ ಕಾಣೋದು."

ಮಾರಿಬಿಟ್ಟಿದ್ದರೆ ಅವಳಿಗೇ ಲಾಭವಿತ್ತು. ಬ್ಯಾಟರಿ ಹಾಕಿಸಿಕೊಂಡು ಮೇಲೆ ಬಂದೆ. ಇಷ್ಟು ದಿನ ನನ್ನ ಫೋನನ್ನೇ ಬೈಯುತ್ತಿದ್ದೆನಲ್ಲ.

ಹಾಗಾದರೆ ಹೊಸ ಫೋನು ಬೇಕಾದದ್ದು ಆ ಮನುಷ್ಯನಿಗೆ. ಅವನು ಕೊಳ್ಳಲಿ. ಪಿಂಚಣಿ ಬರುತ್ತದೆ.

ಮಾರ್ಚ್ 21, ಶುಕ್ರವಾರ

ಅವನಿಗೆ ನಾನೇಕೆ ಕೊಡಿಸಬೇಕು?

ಮಾರ್ಚ್ 23, ಭಾನುವಾರ

ಸಂಜೆ ಮಾಡಿದಾಗ ಅಕ್ಕ ಮಲಗಿದ್ದಳು, ಎತ್ತಿದ್ದು ಅವಳ ಗಂಡ. ಇಟ್ಟುಬಿಡಬಹುದಿತ್ತು. ಫೋನಿನ ವಿಷಯ ತೆಗೆಯೋಣವೆಂದು, ಚಿತ್ರ ಸರಿಯಾಗಿ ಬರುತ್ತಿಲ್ಲ, ನಿಮ್ಮ ಕಡೆಯ ಕ್ಯಾಮೆರಾದ್ದೇ ತೊಂದರೆಯಂತೆ ಎಂದೆ. ಹೌದು, ಹಳೆಯದಾಯಿತು, ನೋಡೋಣ ಎಂದರು. ಆ ‘ನೋಡೋಣ’ದಲ್ಲಿ ಮುಂದೆ ಕೇಳಬೇಡಿ ಎನ್ನುವುದಿತ್ತು. ವಾರಕ್ಕೆ ಮೂರು ಸಲ ನಡಿಗೆ ಕಲಿಸುವವಳು ಬರುತ್ತಾಳೆ, ಮಾತು ಕಲಿಸುವವಳು ಎರಡು ಸಲ. ಪಿಂಚಣಿ ಎಲ್ಲಿಗೆ ಹೋಗುತ್ತದೆಂದು ನಾನು ಕೇಳದೆಯೇ ತಿಳಿಯಿತು.

ಸುಮ್ಮನಿರಲಾರದೆ ಅಕ್ಕ ಎಷ್ಟು ನಡೆಯುತ್ತಾಳೆ ಎಂದೆ. ಮನುಷ್ಯನ ಧ್ವನಿಯೇ ಬದಲಾಯಿತು. ಸೋಮವಾರ ಆರು ಹೆಜ್ಜೆ, ಬುಧವಾರ ಒಂಬತ್ತು, ಇವತ್ತು ಹದಿಮೂರು. ಹಳೆಯ ಸರ್ವೆ ಟೇಪನ್ನು ಮಂಚದಿಂದ ಕಿಟಕಿಯವರೆಗೆ ನೆಲಕ್ಕೆ ಅಂಟಿಸಿದ್ದಾರಂತೆ. ಒಟ್ಟು ನಾಲ್ಕು ಮೀಟರು ಎಂಬತ್ತು ಸೆಂಟಿಮೀಟರು. ಅಕ್ಕ ಎಲ್ಲಿ ನಿಂತಳೋ ಅಲ್ಲಿ ಸೀಮೆಸುಣ್ಣದ ಗೆರೆ. ಅವರು ಹಾಕಿದ ಗೆರೆಯನ್ನು ಅವಳು ಕಾಲಿನಿಂದ ಅಳಿಸಿ ಇನ್ನೂ ಮುಂದೆ ಹಾಕು ಎಂಬಂತೆ ನೋಡುತ್ತಾಳಂತೆ. ಮೋಸಗಾತಿ, ಚಿಕ್ಕಂದಿನ ಆಟದಲ್ಲೂ ಹೀಗೇ ಮಾಡುತ್ತಿದ್ದಳು ಎಂದೆ. ಅವರು ನಕ್ಕರು.

ಅವಳ ಆಯ್ತುಗಳನ್ನೂ ಕೇಳಿ ತಿಳಿದುಕೊಂಡೆ. ಎಳೆದು ಹೇಳಿದರೆ ಬೇಡ. ಚಿಕ್ಕದಾಗಿ ಎರಡು ಸಲ ಹೇಳಿದರೆ ಬೇಕು. ಹುಬ್ಬು ಗಂಟಿಕ್ಕಿ ಹೇಳಿದರೆ ಕಾಲು ಸೆಳೆಯುತ್ತಿದೆ. ತುಟಿಯ ಎಡ ತುದಿ ಮೇಲೆದ್ದರೆ ತಮಾಷೆ. ಇವನ್ನೆಲ್ಲ ಕಿವಿಯಿಂದ ತಿಳಿಯುವುದು ಹೇಗೆ? ಹುಬ್ಬು ಕಾಣಬೇಕು, ತುಟಿ ಕಾಣಬೇಕು.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಹೊಡೆದುಕೊಂಡಿತು. ಬಾಯಲ್ಲಿ ಏಳೆಂಟು ಮೊಳೆ, ಎಡಗೈಯಲ್ಲಿ ಎಳೆದು ಹಿಡಿದ ಬಟ್ಟೆ, ಬಲಗೈಯಲ್ಲಿ ಸುತ್ತಿಗೆ. ಅವರ ನಂಬರು ಕಂಡಿತು. ಕುರ್ಚಿ ಮುಗಿಸಿ ಮಾಡಿದರಾಯಿತು ಎಂದುಕೊಂಡೆ. ಇನ್ನೆರಡು ಸಲ ಹೊಡೆದುಕೊಂಡಿತು. ಆ ಕುರ್ಚಿ ಮುಗಿಯಿತು, ಇನ್ನೊಂದು ಮುಗಿಯಿತು. ಒಂದು ಗಂಟೆಗೆ ಊಟಕ್ಕೆ ಕೂತಾಗ ಮಾಡಿದೆ.

ಮಾಡಿದ್ದು ಅವರಲ್ಲವಂತೆ. ಅಕ್ಕನಂತೆ. ಎಡಗೈಯಲ್ಲಿ ಫೋನು ತೆಗೆದುಕೊಂಡು, ನನ್ನ ಹೆಸರು ಹುಡುಕಿ, ತಾನೇ ಒತ್ತಿದಳಂತೆ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ತಾನಾಗಿ ಮಾಡಿದ ಕೆಲಸ ಅದು. ಅವರು ದೂರುವ ಧ್ವನಿಯಲ್ಲಿ ಹೇಳಲಿಲ್ಲ.

"ಎರಡು ಗಂಟೆ ಫೋನ್ ಮುಂದೆ ಕೂತಿದ್ಲು. ಈಗಷ್ಟೇ ಮಲಗಿದ್ಲು. ಎಬ್ಬಿಸ್ಲಾ?"

ಬೇಡ ಎಂದೆ. ಊಟ ಸೇರಲಿಲ್ಲ.

ಮಾರ್ಚ್ 28, ಶುಕ್ರವಾರ

ಈ ಡೈರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ಹದಿನಾರರ ಪುಟದಲ್ಲಿ ನಾನು ಸುಳ್ಳು ಬರೆದಿದ್ದೇನೆ. ತನಗೆ ತಾನೇ ಸುಳ್ಳು ಬರೆದುಕೊಳ್ಳುವ ಮಟ್ಟಕ್ಕೆ ಅದು ಅಭ್ಯಾಸವಾಗಿಬಿಟ್ಟಿದೆ.

ಆ ಶುಕ್ರವಾರ ನನ್ನ ಫೋನು ಹನ್ನೊಂದು ಸಲ ಹೊಡೆದುಕೊಂಡಿತು. ಆಗಿನ ಗುಂಡಿಯ ಫೋನು, ಅಂಗಿಯ ಜೇಬಿನಲ್ಲೇ ಇತ್ತು. ಅವರ ನಂಬರೇ ಎಂದು ಗೊತ್ತಿತ್ತು. ಹಿಂದಿನ ವಾರವಷ್ಟೇ ಅವರು ಫೋನಿನಲ್ಲಿ, ಅಮ್ಮ ನಿನ್ನನ್ನೇ ಕೇಳುತ್ತಾಳೆ, ವರ್ಷವಾಯಿತು, ಒಮ್ಮೆ ಬಂದು ಹೋಗಬಾರದಾ ಎಂದು ಬುದ್ಧಿ ಹೇಳಿದ್ದರು. ನನಗೆ ಮೈಯೆಲ್ಲ ಉರಿದಿತ್ತು. ಮತ್ತೆ ಅದೇ ಪಾಠ ಇರಬೇಕೆಂದು ಕೆಂಪು ಗುಂಡಿ ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಹನ್ನೊಂದನೆಯದಾದ ಮೇಲೆ ಸ್ವಿಚ್ ಆಫ್ ಮಾಡಿ ಡ್ರಾಯರಿಗೆ ಎಸೆದೆ. ಶನಿವಾರ ಚಹಾದಂಗಡಿಯವನು ಮೆಟ್ಟಿಲು ಹತ್ತಿ ಬಂದು ಹೇಳುವವರೆಗೂ ಅದು ಡ್ರಾಯರಿನಲ್ಲೇ ಇತ್ತು.

ಅಮ್ಮನ ಕೈ ತಣ್ಣಗಿತ್ತು. ಯಾರನ್ನಾದರೂ ಬೈಯಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಎದುರಿಗೆ ಸಿಕ್ಕವರನ್ನು ಬೈದೆ. ಅವರು ತಲೆ ತಗ್ಗಿಸಿ ನಿಂತರು. ಅವರು ಯಾಕೆ ಬಾಯಿ ಬಿಡಲಿಲ್ಲವೆಂದು ಹದಿನಾಲ್ಕು ವರ್ಷ ನಾನು ಒಮ್ಮೆಯೂ ಯೋಚಿಸಲಿಲ್ಲ. ಯೋಚಿಸಲು ಭಯವಿತ್ತು ಎಂದು ಬರೆದರೆ ಸರಿಯಾದೀತು.

ಮಾರ್ಚ್ 30, ಭಾನುವಾರ

ಹೆಂಡತಿಗೆ ಹೇಳಿದೆ. ಕುರ್ಚಿಯ ಹೊದಿಕೆಗೆ ಅಂಚು ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸಲಿಲ್ಲ. ನಾನು ಹೇಳಿ ಮುಗಿಸಿದ ಮೇಲೂ ಆ ಅಂಚು ಮುಗಿಯುವವರೆಗೆ ಹೊಲಿದಳು. ದಾರ ಕತ್ತರಿಸಿ ಆಮೇಲೆ ಹೇಳಿದಳು: "ನಿಮ್ಮ ಮಾತು ಕೇಳ್ಕೊಂಡು ನಾನೂ ಅಷ್ಟು ವರ್ಷ ಅವರನ್ನ ಬೈದೆ. ನನ್ನ ಪಾಲಿನ ತಪ್ಪಿಗೆ ಯಾರು ಹೋಗಿ ಕ್ಷಮೆ ಕೇಳ್ತಾರೆ?"

ಸಂಜೆಯವರೆಗೆ ಅಷ್ಟೇ ಮಾತು. ಊಟಕ್ಕೆ ಬಡಿಸುವಾಗ ಇನ್ನೊಂದು ಹೇಳಿದಳು. ಗನ್ನಿನ ದುಡ್ಡು ಇದೆಯಲ್ಲ, ನಾಳೆಯೇ ಕೆಳಗೆ ಹೋಗಿ ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಅವಳು ಮೊದಲು ಹೇಳಿದ್ದು ಒಳ್ಳೆಯದಾಯಿತು.

ಏಪ್ರಿಲ್ 1, ಮಂಗಳವಾರ

ಹೊಸ ಫೋನು ಬಂತು. ಭೂತಗನ್ನಡಿ ಅರ್ಧ ದಿನ ಕೂತು ಎಲ್ಲ ಹೊಂದಿಸಿ ಕೊಟ್ಟಳು. ತೆರೆದ ಕೂಡಲೇ ಒಂದೇ ದೊಡ್ಡ ಗುಂಡಿ, ಅದರ ಮೇಲೆ ನನ್ನ ಫೋಟೋ. ಅಕ್ಕ ಎಡಗೈಯ ಯಾವ ಬೆರಳಿನಿಂದ ಎಲ್ಲಿ ಒತ್ತಿದರೂ ನನಗೇ ಬರಬೇಕೆಂದಿದ್ದೆ. ಮೂರು ಫೋಟೋ ತೆಗೆದಳು. ಮೂರರಲ್ಲೂ ನಾನು ಸಾಲ ವಸೂಲಿಗೆ ಬಂದವನಂತೆ ಕಾಣುತ್ತಿದ್ದೆ. ಇದ್ದುದರಲ್ಲಿ ವಾಸಿಯಾದದ್ದನ್ನು ಹಾಕಿದೆವು.

ಒಂದು ಕೈಯವಳು ಫೋನು ಹಿಡಿದು ಕೂರುವುದು ಹೇಗೆ? ಗುಜರಿಗೆ ಹಾಕಿದ್ದ ಕುರ್ಚಿಯ ತೋಳೊಂದನ್ನು ಕೊಯ್ದು ಫೋನು ನಿಲ್ಲಿಸಲು ಒಂದು ನಿಲುವು ಮಾಡಿದೆ. ತಳದಲ್ಲಿ ಭಾರಕ್ಕೆ ಕಬ್ಬಿಣದ ಪಟ್ಟಿ, ಜಾರದಂತೆ ರಬ್ಬರು, ಫೋನು ಕೂರುವಲ್ಲಿ ಮೂರು ಮಿಲಿಮೀಟರಿನ ಫೋಮು, ಮೇಲೆ ನಾಟಕಮಂದಿರದ ಕೆಂಪು ವೆಲ್ವೆಟ್ಟು. ಅಂಚಿಗೆ ಹೆಂಡತಿ ಕೈಹೊಲಿಗೆ ಹಾಕಿದಳು. ಸಣ್ಣ ಸಿಂಹಾಸನದ ಹಾಗಿದೆ.

ಏಪ್ರಿಲ್ 3, ಗುರುವಾರ

ಪೆಟ್ಟಿಗೆ ಕಳಿಸಿಯಾಯಿತು. ಒಳಗೆ ಭಾವನಿಗೆ ಒಂದು ಕಾಗದ. ಎರಡು ದಿನ ಬರೆದೆ, ಹರಿದೆ. ಉದ್ದುದ್ದ ಬರೆದದ್ದೆಲ್ಲ ನನ್ನನ್ನು ನಾನೇ ಸಮರ್ಥಿಸಿಕೊಂಡ ಹಾಗೆ ಕಾಣುತ್ತಿತ್ತು. ಕೊನೆಗೆ ಉಳಿದದ್ದು ಮೂರು ಸಾಲು:

ಆ ಶುಕ್ರವಾರ ನಿಮ್ಮ ಫೋನು ಹನ್ನೊಂದು ಸಲ ಬಂದಿತ್ತು. ನಾನು ನೋಡಿಯೇ ಕತ್ತರಿಸಿದೆ. ತಪ್ಪು ನನ್ನದು, ಬೈದದ್ದು ನಿಮ್ಮನ್ನು.

ಏಪ್ರಿಲ್ 6, ಭಾನುವಾರ

ಇವತ್ತು ಕರೆ ಮಾಡಲಿಲ್ಲ. ಪೆಟ್ಟಿಗೆ ತಲುಪಿದೆಯೋ ಇಲ್ಲವೋ. ಹೆಂಡತಿ ಮಾಡಿ ವಿಚಾರಿಸಿದಳು. ಇನ್ನೂ ಇಲ್ಲವಂತೆ. ಅಕ್ಕ ಇಪ್ಪತ್ತೆರಡು ಹೆಜ್ಜೆ.

ಏಪ್ರಿಲ್ 8, ಮಂಗಳವಾರ

ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗಿದು ಎತ್ತಿದೆ. ಭಾವ ಒಬ್ಬರೇ. ಅಕ್ಕ ಮಲಗಿದ್ದಾಳೆ ಎಂದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದಾರೆ. ಕುತ್ತಿಗೆ ಸಣ್ಣಗಾಗಿದೆ. ಫೆಬ್ರವರಿಯಲ್ಲಿ ಐದು ದಿನ ಒಂದೇ ಬೆಂಚಿನಲ್ಲಿ ಕೂತಿದ್ದರೂ ನಾನು ಅವರ ಮುಖ ನೋಡಿಯೇ ಇರಲಿಲ್ಲವೆಂದು ಈಗ ತಿಳಿಯಿತು.

ನಿಲುವು ಚೆನ್ನಾಗಿದೆ, ಅಳತೆ ಸರಿಯಾಗಿ ಕೂತಿದೆ ಎಂದು ಶುರು ಮಾಡಿದರು. ಸ್ವಲ್ಪ ಹೊತ್ತು ನಿಲುವಿನ ಮಾತೇ ಆಯಿತು. ಆಮೇಲೆ ಅವರೇ ತೆಗೆದರು.

"ಕಾಗದ ಓದಿದೆ. ನನಗೆ ಆಗ್ಲೇ ಗೊತ್ತಿತ್ತು ಕಣೋ."

ನಾನು ಸುತ್ತಿಗೆ ಕೆಳಗಿಟ್ಟೆ.

"ಯಾರೂ ಎತ್ತದೆ ಇದ್ರೆ ರಿಂಗ್ ಪೂರ್ತಿ ಆಗುತ್ತೆ. ಮಧ್ಯದಲ್ಲಿ ಕಟ್ ಆಗ್ತಿತ್ತು. ಹನ್ನೊಂದು ಸಲ."

"ಅಷ್ಟು ಗೊತ್ತಿದ್ದೂ ನಾನು ಬೈಯುವಾಗ ಯಾಕೆ ಸುಮ್ಮನಿದ್ರಿ ಭಾವ?"

"ನಿಮ್ಮಕ್ಕನಿಗೆ ಲೈನ್ ಸಿಗ್ತಿಲ್ಲ ಅಂತ ಹೇಳಿದ್ದೆ. ಸತ್ಯ ಹೇಳಿದ್ರೆ ಅವಳು ನಿನ್ನ ಮುಖ ನೋಡ್ತಿರಲಿಲ್ಲ. ಅಮ್ಮನೂ ಹೋದ್ರು. ಆಮೇಲೆ ಅವಳಿಗೆ ತವರು ಅಂತ ಯಾರಿದ್ರು ಹೇಳು? ನೀನು ನನ್ನ ಜೊತೆ ಮಾತು ಬಿಟ್ರೆ ನಷ್ಟ ಕಡಿಮೆ."

ಅದನ್ನು ಅವರು ಜಮೀನಿನ ವಿಸ್ತೀರ್ಣ ಹೇಳುವ ಧ್ವನಿಯಲ್ಲಿ ಹೇಳಿದರು. ಹೆಂಡತಿ ಹಿಂದಿನಿಂದ ಬಂದು ಫೋನು ತೆಗೆದುಕೊಂಡು, ತನ್ನ ಪಾಲಿನ ಕ್ಷಮೆಯನ್ನು ತಾನೇ ಕೇಳಿಕೊಂಡಳು.

ಇಡುವ ಮೊದಲು ಭಾವ, ಈ ಕಾಗದ ಅಕ್ಕನಿಗೆ ಓದಿ ಹೇಳಬೇಕೋ ಬೇಡವೋ ನೀನೇ ಹೇಳು ಎಂದರು. ಹೇಳದೆ ಇದ್ದರೂ ಆದೀತು, ಅವಳ ಆರೋಗ್ಯ ಹೀಗಿದೆ ಎಂದೂ ಸೇರಿಸಿದರು. ನನಗೆ ದಾರಿ ಬಿಟ್ಟುಕೊಡುತ್ತಿದ್ದರು. ಓದಿ ಎಂದೆ.

ಏಪ್ರಿಲ್ 9, ಬುಧವಾರ

ಅಕ್ಕ ಕಂಡಳು. ತಲೆಗೂದಲು ಗಿಡ್ಡ ಮಾಡಿಸಿದ್ದಾರೆ. ಬಾಯಿ ಬಲಕ್ಕೆ ಸ್ವಲ್ಪ ಇಳಿದಿದೆ. ಕಣ್ಣು ಮಾತ್ರ ಹಾಗೇ ಇವೆ, ಕೌಂಟರಿನಾಚೆಯಿಂದ ತಪ್ಪು ವಿಳಾಸ ಬರೆದವರನ್ನು ನೋಡುವ ಕಣ್ಣು. ಬಹಳ ಹೊತ್ತು ನನ್ನನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿದ್ದು, ಅದು ಕೆನ್ನೆಗೆ ಇಳಿಯದಂತೆ ಅವಳು ತಡೆದದ್ದು, ಎರಡೂ ಕಂಡವು. ಎರಡು ತಿಂಗಳ ಬಾಡಿಗೆ ಕೊಟ್ಟು ನಾನು ಮೊದಲು ನೋಡಿದ್ದು ಅವಳ ಸಿಟ್ಟನ್ನು.

ಆಮೇಲೆ ಎಡಗೈಯಿಂದ ಫೋನನ್ನು ವೆಲ್ವೆಟ್ಟಿನ ಮೇಲೆ ಬೋರಲು ಹಾಕಿದಳು. ಕತ್ತಲಾಯಿತು.

ಏಪ್ರಿಲ್ 10, ಗುರುವಾರ

ಎತ್ತಲಿಲ್ಲ.

ಏಪ್ರಿಲ್ 11, ಶುಕ್ರವಾರ

ಇವತ್ತೂ ಇಲ್ಲ. ಭಾವ ತಮ್ಮ ಹಳೆಯ ಫೋನಿನಿಂದ, ಅಡುಗೆಮನೆಯಲ್ಲಿ ನಿಂತು, ಪಿಸುಮಾತಿನಲ್ಲಿ ಮಾಡಿದರು. ಸಿಟ್ಟು ನನ್ನೊಬ್ಬನ ಮೇಲಲ್ಲವಂತೆ, ಅವರ ಮೇಲೂ. ಸುಳ್ಳು ಹೇಳಿದ್ದಕ್ಕೆ. ಅವರು ಕೊಟ್ಟ ಚಹಾವನ್ನು ಮುಟ್ಟಲಿಲ್ಲವಂತೆ, ಅದೇ ಚಹಾ ನಡಿಗೆ ಕಲಿಸುವವಳು ಕೊಟ್ಟರೆ ಕುಡಿದಳಂತೆ. ಆದರೆ ಸಿಟ್ಟಿನಲ್ಲೇ ಮಂಚದಿಂದ ಕಿಟಕಿಯವರೆಗೆ ಯಾರ ಕೈಯೂ ಹಿಡಿಯದೆ ಹೋಗಿ, ಅಲ್ಲೇ ಬೆನ್ನು ಮಾಡಿ ನಿಂತುಬಿಟ್ಟಳಂತೆ.

"ನಾಲ್ಕು ಮೀಟರು ಎಂಬತ್ತು. ಪೂರ್ತಿ" ಎಂದರು ಭಾವ.

ಇನ್ನೂ ನಾಲ್ಕು ದಿನ ಬೈಸಿಕೊಂಡರೆ ಬೀದಿಯವರೆಗೆ ನಡೆದಾಳು, ನೋಡಿ ಎಂದೆ. 'ನಿನಗೇನಪ್ಪಾ, ನೀನು ದೂರದಲ್ಲಿದ್ದೀಯ, ಚಹಾ ವಾಪಸು ಬರುವುದು ನನಗೆ' ಎಂದರು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು, ಪಾಠಶಾಲೆಯ ಹೊರಗೆ ನಿಲ್ಲಿಸಿದ ಹುಡುಗರ ಹಾಗೆ.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಹನ್ನೆರಡಕ್ಕೆ ಫೋನು ಬಂತು. ಅಕ್ಕ. ತಾನೇ ಒತ್ತಿದ್ದಳು. ಎಡಗೈಯ ತೋರುಬೆರಳು ಎತ್ತಿ ನನ್ನ ಹೊಟ್ಟೆಯ ಕಡೆ ತೋರಿಸಿ, ಕೆನ್ನೆ ಉಬ್ಬಿಸಿದಳು. ತುಟಿಯ ಎಡ ತುದಿ ಮೇಲಕ್ಕೆದ್ದಿತು.

ಹೆಂಡತಿ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಅತ್ತದ್ದು ಗಿರಾಕಿಗಳಿಗೆ ಕಾಣಬಾರದೆಂದು ಇರಬೇಕು.

ಏಪ್ರಿಲ್ 17, ಗುರುವಾರ

ನೂರ ನಲವತ್ತೆರಡು ಕುರ್ಚಿ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಹೊಡೆಯುತ್ತಿದ್ದೇನೆ. ಅದನ್ನು ಕಂಡು ಭಾವ ಸುತ್ತಿಗೆಯ ಹಿಡಿಯ ಅಳತೆ ಕೇಳಿದರು. ಎರಡು ಸೆಂಟಿಮೀಟರು ಉದ್ದ ಮಾಡಿಸು, ಭಾರ ಕಡಿಮೆ ಬೀಳುತ್ತದೆ ಎಂದರು. ಸರ್ವೆಯರಿಗೆ ಸುತ್ತಿಗೆಯ ವಿಷಯ ಏನು ಗೊತ್ತು ಎಂದುಕೊಂಡೇ ಮಾಡಿಸಿದೆ. ನಿಜವಾಗಿಯೂ ಕಡಿಮೆ ಬೀಳುತ್ತದೆ.

ಕುರ್ಚಿಗಳು ಮುಗಿದ ಮಾರನೆಯ ದಿನಕ್ಕೆ ಎರಡು ರೈಲು ಟಿಕೆಟ್ ತೆಗೆಸಿದ್ದೇವೆ.

ಏಪ್ರಿಲ್ 20, ಭಾನುವಾರ

ಕೆಲಸ ಹಿಂದೆ ಬಿದ್ದದ್ದರಿಂದ ಇವತ್ತೂ ಅಂಗಡಿ ತೆರೆದಿದ್ದೆವು. ಊಟವಾದ ಮೇಲೆ ಅಕ್ಕನಿಗೆ ಮಾಡಿದೆ. ಎತ್ತಿದವಳೇ ನಾನು ಬಾಯಿ ತೆರೆಯುವ ಮೊದಲು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ನಿಲುವನ್ನು ಎಡಗೈಯಿಂದ ಮೆಲ್ಲನೆ ಒಂದು ಪಕ್ಕಕ್ಕೆ ತಿರುಗಿಸಿದಳು.

ಮಂಚದ ಪಕ್ಕದ ಕುರ್ಚಿಯಲ್ಲಿ ಭಾವ ಕೂತಲ್ಲೇ ನಿದ್ದೆ ಹೋಗಿದ್ದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಒಂದು ಕೈಯಲ್ಲಿ ಅವಳ ಔಷಧಿಯ ಪಟ್ಟಿ, ಇನ್ನೊಂದು ಕೈ ಕುರ್ಚಿಯಾಚೆ ಜೋಲುತ್ತಿತ್ತು. ಎರಡು ತಿಂಗಳ ನಿದ್ದೆ ಒಟ್ಟಿಗೆ ಬಂದವರ ಹಾಗೆ ಬಾಯಿ ತೆರೆದುಕೊಂಡಿದ್ದರು.

ಅಕ್ಕ ತನ್ನ ಮೇಲಿದ್ದ ಶಾಲನ್ನು ಎಡಗೈಯಿಂದ ಎಳೆದಳು. ಬಲಗಾಲಿನಡಿ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡಳು. ಮಂಚದ ಅಂಚು ಹಿಡಿದು ಎದ್ದು ನಿಂತಳು. ಬೀಳುತ್ತೀಯ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ. ಎರಡು ಹೆಜ್ಜೆ. ಶಾಲನ್ನು ಅವರ ಎದೆಯ ಮೇಲೆ ಹಾಕಿದಳು. ಒಂದು ಬದಿ ಜಾರಿತು, ಮತ್ತೆ ಎತ್ತಿದಳು, ಭುಜದ ಹಿಂದೆ ಸಿಕ್ಕಿಸಿದಳು. ಅಷ್ಟಕ್ಕೆ ನಾಲ್ಕೈದು ನಿಮಿಷ ಹಿಡಿದಿರಬೇಕು. ಕನ್ನಡಕ ತೆಗೆದು ಮಡಿಸಿ ನಿಲುವಿನ ಪಕ್ಕ ಇಟ್ಟಳು. ಎರಡು ಹೆಜ್ಜೆ ವಾಪಸು. ಕೂತು, ನನ್ನನ್ನು ನೋಡಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದಳು.

ಆಮೇಲೆ ನಾವಿಬ್ಬರೂ ಏನೂ ಮಾಡಲಿಲ್ಲ. ಅವರು ಮಲಗಿರುವುದನ್ನು ನೋಡುತ್ತಾ ಕೂತೆವು. ಆ ಕಿಟಕಿಯ ಪರದೆ ಹಾರುತ್ತಿತ್ತು. ಇಲ್ಲಿ ನನ್ನ ಕೈಯಲ್ಲಿ ಅರ್ಧ ಹೊಡೆದ ಕುರ್ಚಿ. ವಾರದ ಸುದ್ದಿ ಬೇಕಾದಷ್ಟಿತ್ತು, ಒಂದೂ ಹೇಳಬೇಕೆನಿಸಲಿಲ್ಲ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬಂದು, ಮೆಷಿನ್ನಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟಳು. ನಾನು ಕೈ ಎತ್ತಿ ತಡೆದೆ.

"ಸ್ವಲ್ಪ ನಿಲ್ಲಿಸು. ಭಾವ ಮಲಗಿದಾರೆ."